ನಿವೃತ್ತಿಯ ಬಳಿಕದ ದಿನಗಳು: ಕನ್ನಡನಾಡಿನ ಚರಿತ್ರೆಯಿಂದ ಕೆಲವು ನಿದರ್ಶನಗಳು

ನಮ್ಮ ಹಿರಿಯರು ‘ನಿವೃತ್ತಿ’ ಎಂಬ ಶಬ್ದವನ್ನು ‘ಪ್ರವೃತ್ತಿ’ ಎಂಬುದರ ಜೊತೆಯಲ್ಲಿಯೇ ಬಳಸುತ್ತಿದ್ದರು. ಲೋಕವ್ಯವಹಾರದಲ್ಲಿ ತೊಡಗುವುದು ಪ್ರವೃತ್ತಿ; ಅದರಿಂದ ಮನಸ್ಸನ್ನು ಹಿಂದೆಗೆದುಕೊಳ್ಳುವುದು ನಿವೃತ್ತಿ. ಅದು ಮನುಷ್ಯನು ವಿವೇಕದಿಂದ ತಾನಾಗಿ ಕೈಗೊಳ್ಳುವ ನಿರ್ಧಾರವಾಗಿತ್ತು. ಇಂದು ನಾವು ಆ ಶಬ್ದವನ್ನು ಬಳಸುವ ಅರ್ಥವೇ ಬೇರೆ. ಸೇವಾಪುಸ್ತಕದಲ್ಲಿ ಬರೆದಿಟ್ಟ ಒಂದು ತಾರೀಖು ಬರುತ್ತದೆ. ಕಚೇರಿಯಲ್ಲಿ ಹಾರ, ಶಾಲು, ಒಂದು ಗಡಿಯಾರ, ನಾಲ್ಕು ಒಳ್ಳೆಯ ಮಾತು. ಮರುದಿನ ಬೆಳಿಗ್ಗೆ ಮನೆಯವರು ಊಟದ ಡಬ್ಬಿ ಕಟ್ಟಬೇಕಾಗಿಲ್ಲ. ಆ ಮನುಷ್ಯನ ಮನಸ್ಸು ಕೆಲಸದಿಂದ ನಿವೃತ್ತವಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಕಾಲವನ್ನು ಅಳೆಯುವ ಅಗತ್ಯ ತೀರಿದ ದಿನವೇ ಗಡಿಯಾರವನ್ನು ಉಡುಗೊರೆಯಾಗಿ ಕೊಡುವ ಪದ್ಧತಿಯನ್ನು ಯಾರು ಆರಂಭಿಸಿದರೋ ಕಾಣೆವು.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರಿಗೆ ಅನಿಸಬಹುದು. ಚೋರ್ಲಾ ಘಟ್ಟ ಇಳಿದು ಸಾಂಖಳಿಗೆ ದುಡಿಯಲು ಬಂದ ಕನ್ನಡಿಗರಲ್ಲಿ ಅನೇಕರು ಈಗ ಅರವತ್ತನ್ನು ದಾಟಿದ್ದಾರೆ. ಗಣಿಯಲ್ಲಿ ಯಂತ್ರ ನಡೆಸಿದವರು, ಟಿಪ್ಪರ್ ಓಡಿಸಿದವರು, ಗೌಂಡಿ ಕೆಲಸ ಮಾಡಿ ಅರ್ಧ ಊರಿನ ಗೋಡೆ ಎಬ್ಬಿಸಿದವರು, ಶಾಲೆಯ ಮಾಸ್ತರರು, ಬಸ್ಸಿನ ಚಾಲಕರು, ಸಂತೆಯಲ್ಲಿ ಕಾಯಿಪಲ್ಲೆ ಮಾರಿದ ತಾಯಂದಿರು ಇವರೆಲ್ಲರ ಮನೆಗಳಲ್ಲಿ ‘ಇನ್ನು ಹಗಲು ಹೋಗುವುದು ಹೇಗೆ’ ಎಂಬ ಪ್ರಶ್ನೆ ಎದ್ದಿದೆ. ಊರಿಗೆ ಮರಳಿದರೆ ಅಲ್ಲಿ ಗುರುತಿಸುವವರು ಕಡಿಮೆ. ಇಲ್ಲಿಯೇ ಉಳಿದರೆ ಮಕ್ಕಳು ಮೊಮ್ಮಕ್ಕಳು ತಮ್ಮ ತಮ್ಮ ಕೆಲಸದಲ್ಲಿ. ಈ ಪ್ರಶ್ನೆಯನ್ನು ನಮಗಿಂತ ಮೊದಲು ಕನ್ನಡನಾಡಿನಲ್ಲಿ ಎದುರಿಸಿದವರು ತಮ್ಮ ದಿನಗಳನ್ನು ಹೇಗೆ ಕಟ್ಟಿಕೊಂಡರು ಎಂಬುದನ್ನು ನೋಡಿದರೆ ನಮಗೆ ಪ್ರಯೋಜನವಾದೀತೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ವಯಸ್ಸು ಇಷ್ಟಾದೊಡನೆ ಕೆಲಸ ನಿಲ್ಲಿಸಬೇಕೆಂಬ ನಿಯಮ ಜಗತ್ತಿನ ಚರಿತ್ರೆಯಲ್ಲಿ ಬಹಳ ಹಳೆಯದೇನೂ ಅಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲದಲ್ಲಿ, 1889ರಲ್ಲಿ, ಕಾರ್ಮಿಕರಿಗೆ ವೃದ್ಧಾಪ್ಯ ವೇತನದ ಕಾನೂನು ಬಂದಾಗ ಗೊತ್ತುಮಾಡಿದ ವಯಸ್ಸು 70. ನಮ್ಮಲ್ಲಿ ಬ್ರಿಟಿಷರ ಆಡಳಿತದಿಂದ ಬಂದದ್ದು 55ರ ಗಡಿ. ಕೇಂದ್ರ ಸರ್ಕಾರ ಅದನ್ನು 1962ರಲ್ಲಿ 58ಕ್ಕೂ 1998ರಲ್ಲಿ 60ಕ್ಕೂ ಏರಿಸಿತು. ಕರ್ನಾಟಕ ಸರ್ಕಾರ 2008ರಲ್ಲಿ ಅದನ್ನು ಅನುಸರಿಸಿತು. ಪಿಂಚಣಿಯೆಂಬುದು ಸರ್ಕಾರದ ದಾನವಲ್ಲ, ನೌಕರನ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ ನಕಾರಾ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟದ್ದು 1982ರ ಡಿಸೆಂಬರ್ 17ರಂದು. ಪಿಂಚಣಿದಾರರು ಇಂದಿಗೂ ಆ ದಿನವನ್ನು ಆಚರಿಸುತ್ತಾರೆ. ಈ ಕಾನೂನುಗಳೆಲ್ಲ ಹಣದ ಲೆಕ್ಕವನ್ನು ನೋಡಿಕೊಂಡವು. ಹಗಲಿನ ಲೆಕ್ಕವನ್ನು ಯಾವ ಕಾನೂನೂ ನೋಡಿಕೊಳ್ಳಲಾರದು. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಸ್ಸು 32ರ ಆಸುಪಾಸಿನಲ್ಲಿತ್ತು, ಈಗ 70ರ ಆಸುಪಾಸಿನಲ್ಲಿದೆ. ಹಿಂದಿನ ಅಂಕಿಯಲ್ಲಿ ಶಿಶುಮರಣದ ಪಾಲು ದೊಡ್ಡದು, ನಿಜ. ಆದರೂ ನಿವೃತ್ತಿಯ ನಂತರ ಹದಿನೈದು ಇಪ್ಪತ್ತು ವರ್ಷ ಬದುಕುವುದು ಸಾಮಾನ್ಯರ ಪಾಲಿಗೂ ಬಂದದ್ದು ನಮ್ಮ ತಲೆಮಾರಿನಲ್ಲಿಯೇ.

ಪ್ರಾಚೀನ ಕಾಲದಲ್ಲಿ ತಾನಾಗಿ ಅಧಿಕಾರ ಬಿಟ್ಟವರ ನೆನಪು ನಮ್ಮಲ್ಲಿ ಉಂಟು. ‘ಕವಿರಾಜಮಾರ್ಗ’ಕ್ಕೆ ಆಶ್ರಯ ಕೊಟ್ಟ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಅರುವತ್ತಕ್ಕೂ ಹೆಚ್ಚು ವರ್ಷ ಆಳಿ, ಕೊನೆಗೆ ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂದು ‘ಪ್ರಶ್ನೋತ್ತರ ರತ್ನಮಾಲಿಕೆ’ಯ ಕೊನೆಯ ಶ್ಲೋಕದಿಂದ ವಿದ್ವಾಂಸರು ಊಹಿಸುತ್ತಾರೆ. ಹತ್ತಿರದ ಕಾಲಕ್ಕೆ ಬಂದರೆ ದಿವಾನ್ ಪೂರ್ಣಯ್ಯನವರು. ಹೈದರ್, ಟಿಪ್ಪು ಇಬ್ಬರ ಬಳಿಯೂ ದುಡಿದು, 1799ರಿಂದ ಬಾಲಕನಾದ ಮಹಾರಾಜನ ಪರವಾಗಿ ಮೈಸೂರನ್ನು ನಡೆಸಿ, 1811ರಲ್ಲಿ ಅಧಿಕಾರ ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋದರು. 1812ರ ಮಾರ್ಚಿನಲ್ಲಿ ತೀರಿಕೊಂಡರು. ಅರ್ಧ ಶತಮಾನದ ಎಡೆಬಿಡದ ದುಡಿಮೆಯ ನಂತರ ಅವರಿಗೆ ದೊರೆತ ವಿಶ್ರಾಂತಿ ಒಂದು ವರ್ಷವನ್ನೂ ಮುಟ್ಟಿತೋ ಇಲ್ಲವೋ.

ಅವರು ಯಾರ ಪರವಾಗಿ ರಾಜ್ಯ ನಡೆಸಿದರೋ ಆ ಮಹಾರಾಜರ ಕಥೆಯಾದರೋ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಚರಿತ್ರೆಯ ಪುಸ್ತಕಗಳಲ್ಲಿ ಅದನ್ನು ರಾಜಕೀಯದ ದೃಷ್ಟಿಯಿಂದ ಮಾತ್ರ ಓದುತ್ತೇವೆ. ಕೆಲಸ ಕಳೆದುಕೊಂಡ ಒಬ್ಬ ಮನುಷ್ಯನ ಕಥೆಯೆಂದು ಓದಿದವರು ವಿರಳ. ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. ಐದು ವರ್ಷದ ಮಗುವಾಗಿದ್ದಾಗ ಪಟ್ಟವಾಯಿತು. ಹದಿನಾರು ತುಂಬಿದ ಮೇಲೆ ಆಡಳಿತ ಕೈಗೆ ಬಂದಿತು. ನಗರದ ರೈತರ ದಂಗೆಯನ್ನು ನೆಪಮಾಡಿಕೊಂಡು 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯದ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡನು. ಮಹಾರಾಜರಿಗೆ ಆಗ 37 ವರ್ಷ. ಅವರು ತೀರಿಕೊಂಡದ್ದು 1868ರ ಮಾರ್ಚಿನಲ್ಲಿ. ಅಂದರೆ ಅಧಿಕಾರವಿಲ್ಲದೆ ಅರಮನೆಯಲ್ಲಿ ಕಳೆದ ಕಾಲವೂ ಸರಿಸುಮಾರು 37 ವರ್ಷ! ಬದುಕಿನ ಮೊದಲ ಅರ್ಧದಷ್ಟೇ ಉದ್ದವಾದ ನಿವೃತ್ತಿ. ಅದೂ ತಾನು ಕೇಳದೆ ಬಂದದ್ದು.

ಅವರಿಗೆ ಹಣದ ಕೊರತೆ ಇರಲಿಲ್ಲ. ಒಪ್ಪಂದದ ಪ್ರಕಾರ ವರ್ಷಕ್ಕೆ ಒಂದು ಲಕ್ಷ ವರಹಗಳೂ ರಾಜ್ಯದ ನಿವ್ವಳ ಆದಾಯದ ಐದನೆಯ ಒಂದು ಪಾಲೂ ಸಲ್ಲುತ್ತಿತ್ತು. ಇಲ್ಲದಿದ್ದುದು ಕೆಲಸ. ಕಮಿಷನರರ ಕಚೇರಿ ಬೆಂಗಳೂರಿನಲ್ಲಿ. ಕಾಗದಪತ್ರಗಳು ಅಲ್ಲಿಗೆ ಹೋದವು, ಅಹವಾಲು ಹೇಳಿಕೊಳ್ಳುವವರು ಅಲ್ಲಿಗೆ ಹೋದರು. ಮೈಸೂರಿನಲ್ಲಿ ಉಳಿದದ್ದು ಸಿಂಹಾಸನ, ದರಬಾರು ಮತ್ತು ಬರಿಯ ಹಗಲು. ಇಂಥ ಸ್ಥಿತಿಯಲ್ಲಿ ಭೋಗದಲ್ಲಿ ಮುಳುಗಿ ಹೋದ ಅರಸರ ಸಂಖ್ಯೆ ಆ ಶತಮಾನದಲ್ಲಿ ಸಣ್ಣದಲ್ಲ. ಮುಮ್ಮಡಿಯವರು ಎರಡು ಕೆಲಸಗಳನ್ನು ಹಿಡಿದರು, ಎರಡನ್ನೂ ಬಿಡಲಿಲ್ಲ.

ಮೊದಲನೆಯದು ರಾಜ್ಯವನ್ನು ಮರಳಿ ಕೊಡಿರೆಂಬ ಮನವಿ. ಗವರ್ನರ್ ಜನರಲರು ಬದಲಾದರು, ಕಂಪನಿ ಹೋಗಿ ರಾಣಿಯ ಆಳ್ವಿಕೆ ಬಂದಿತು. ಇವರ ಮನವಿ ನಿಲ್ಲಲಿಲ್ಲ. ಕೊನೆಗೆ 1867ರಲ್ಲಿ, ಅವರ ದತ್ತುಪುತ್ರನಿಗೆ ರಾಜ್ಯವನ್ನು ಒಪ್ಪಿಸಲು ಬ್ರಿಟಿಷ್ ಸರ್ಕಾರ ಒಪ್ಪಿತು. ಅದು ಕಾರ್ಯರೂಪಕ್ಕೆ ಬಂದದ್ದು 1881ರಲ್ಲಿ; ಮುಮ್ಮಡಿಯವರು ಅದನ್ನು ಕಣ್ಣಾರೆ ಕಾಣಲಿಲ್ಲ.

ಎರಡನೆಯದು ವಿದ್ಯೆಯ ಕೆಲಸ. 1833ರಲ್ಲಿ, ಅಧಿಕಾರ ಹೋದ ಎರಡೇ ವರ್ಷಗಳಲ್ಲಿ, ಮೈಸೂರಿನಲ್ಲಿ ಒಂದು ಇಂಗ್ಲಿಷ್ ಶಾಲೆಯನ್ನು ತೆರೆದರು. ಮುಂದೆ ಮಹಾರಾಜ ಕಾಲೇಜಾಗಿ ಬೆಳೆದದ್ದು ಅದೇ. ಪಂಡಿತರನ್ನೂ ಚಿತ್ರಕಾರರನ್ನೂ ಕೂಡಿಸಿಕೊಂಡು ‘ಶ್ರೀತತ್ತ್ವನಿಧಿ’ ಎಂಬ ಮಹಾಗ್ರಂಥವನ್ನು ಸಿದ್ಧಪಡಿಸಿದರು. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ ಮುಂತಾದ ಒಂಬತ್ತು ‘ನಿಧಿ’ಗಳು; ದೇವತೆಗಳ ಧ್ಯಾನಶ್ಲೋಕಗಳು, ಒಂದೊಂದಕ್ಕೂ ಬಣ್ಣದ ಚಿತ್ರ. ಒಂಬತ್ತನೆಯದಾದ ‘ಕೌತುಕನಿಧಿ’ ನಮಗೆ ವಿಶೇಷವಾಗಿ ಪ್ರಿಯವಾದುದು, ಏಕೆಂದರೆ ಅದರ ತುಂಬ ಆಟಗಳಿವೆ. ಮಹಾರಾಜರು ಚದುರಂಗದಲ್ಲಿ ಗಟ್ಟಿಗರು. ಕುದುರೆಯ ಕಾಯಿಯೊಂದನ್ನೇ ಹಿಡಿದು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಸುವ ಕಠಿನ ಸಮಸ್ಯೆಗೆ ಪರಿಹಾರಗಳನ್ನು ರಚಿಸಿದರು. ಗಂಜೀಫ ಎಲೆಗಳಿಗೆ ಹೊಸ ಹೊಸ ಜೋಡಿಗಳನ್ನು ರೂಪಿಸಿ, ಆಡುವ ಕ್ರಮವನ್ನೂ ಬರೆಯಿಸಿದರು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಗೆ ಹೋದವರು ಈ ಆಟಗಳ ಕೋಷ್ಟಕಗಳನ್ನು ನೋಡಿರಬಹುದು.

ಆಟವಾಡುತ್ತ ಕಾಲ ಕಳೆದ ಅರಸನೆಂದು ಇದನ್ನು ಹಗುರವಾಗಿ ಕಾಣುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಆಡಿ ಮರೆಯುವುದು ಒಂದು, ಆಡಿದ್ದನ್ನು ಕ್ರಮಕ್ಕೆ ತಂದು, ಚಿತ್ರ ಬರೆಯಿಸಿ, ಇನ್ನೊಬ್ಬರು ಕಲಿಯುವಂತೆ ಗ್ರಂಥದಲ್ಲಿ ಇರಿಸುವುದು ಇನ್ನೊಂದು. ಪಂಡಿತನೊಬ್ಬ ನಾಳೆ ಬೆಳಿಗ್ಗೆ ಶ್ಲೋಕ ತರುತ್ತಾನೆ, ಚಿತ್ರಕಾರ ಕರಡು ತೋರಿಸಲು ಕಾದಿದ್ದಾನೆ ಎಂಬ ನಿರೀಕ್ಷೆ ಇದ್ದಲ್ಲಿ ಆ ದಿನಕ್ಕೆ ಒಂದು ಆಕಾರ ಬರುತ್ತದೆ. ಕಚೇರಿಯ ಗಂಟೆ ನಿಂತುಹೋದ ಮೇಲೆ ಅದರ ಜಾಗದಲ್ಲಿ ಮತ್ತೊಬ್ಬರ ನಿರೀಕ್ಷೆಯನ್ನು ಇರಿಸಿಕೊಂಡವರೇ ಉಲ್ಲಾಸದಿಂದ ಉಳಿದರೆಂಬುದು ಮುಂದಿನ ನಿದರ್ಶನಗಳಲ್ಲಿಯೂ ಕಾಣುತ್ತದೆ.

ಮೈಸೂರು ಪ್ರಾಕ್ತನ ಇಲಾಖೆಯ ಇಬ್ಬರು ಅಧಿಕಾರಿಗಳು ಇದಕ್ಕೆ ಒಳ್ಳೆಯ ಉದಾಹರಣೆ. ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿನ ಹ್ಯಾರೋ ಊರಿನಲ್ಲಿ ನೆಲಸಿದರು. ವಯಸ್ಸು ಎಪ್ಪತ್ತಕ್ಕೆ ಹತ್ತಿರ. ಮೂರು ವರ್ಷಗಳಲ್ಲಿ, ತಾವು ಜೀವಮಾನವಿಡೀ ಸಂಗ್ರಹಿಸಿದ ಶಾಸನಗಳ ಆಧಾರದ ಮೇಲೆ ಮೈಸೂರು ಕೊಡಗುಗಳ ಚರಿತ್ರೆಯನ್ನು ಬರೆದು ಪ್ರಕಟಿಸಿದರು. ಅವರ ಸ್ಥಾನಕ್ಕೆ ಬಂದ ರಾ. ನರಸಿಂಹಾಚಾರ್ಯರ ಕಥೆ ಇನ್ನೂ ಹೆಚ್ಚಿನದು. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವನ್ನು ಎಸ್. ಜಿ. ನರಸಿಂಹಾಚಾರ್ಯರೊಡನೆ 1907ರಲ್ಲಿ ಹೊರತಂದಿದ್ದರು. ಆ ವರ್ಷವೇ ಜೊತೆಗಾರರು ತೀರಿಕೊಂಡರು. ಇಲಾಖೆಯ ಸಂಚಾರ, ವರದಿಗಳ ನಡುವೆ ಎರಡನೆಯ ಸಂಪುಟವನ್ನು ಮುಗಿಸಲು 1919ರವರೆಗೆ ಹಿಡಿಯಿತು. 1922ರಲ್ಲಿ ಅರವತ್ತೆರಡರ ವಯಸ್ಸಿನಲ್ಲಿ ನಿವೃತ್ತರಾದರು. ಇಲ್ಲಿಗೆ ನಿಲ್ಲಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಅವರು ನಿಲ್ಲಿಸಲಿಲ್ಲ. 1923ರಲ್ಲಿ ಶ್ರವಣಬೆಳಗೊಳದ ಶಾಸನಗಳ ಪರಿಷ್ಕೃತ ಸಂಪುಟ ಹೊರಬಂದಿತು. ರೈಸ್ ಅವರ ಮೊದಲ ಆವೃತ್ತಿಯಲ್ಲಿ 144 ಶಾಸನಗಳಿದ್ದರೆ ಇದರಲ್ಲಿ 500. 1929ರಲ್ಲಿ ಕವಿಚರಿತೆಯ ಮೂರನೆಯ ಸಂಪುಟ. 1934ರಲ್ಲಿ ಕನ್ನಡ ಭಾಷೆಯ ಚರಿತ್ರೆಯನ್ನು ಕುರಿತ ಇಂಗ್ಲಿಷ್ ಉಪನ್ಯಾಸಗಳ ಗ್ರಂಥ. 1936ರಲ್ಲಿ ದೇಹಾಂತ. ಪಂಪನಿಂದ ಮೊದಲುಗೊಂಡು ಹೆಸರು ಮಾತ್ರ ಉಳಿದ ಕವಿಯವರೆಗೆ ಒಬ್ಬೊಬ್ಬರದೂ ಕಾಲ, ಮತ, ಆಶ್ರಯದಾತ, ಗ್ರಂಥ ಇವುಗಳನ್ನು ತಾಳೆಯೋಲೆಗಳಿಂದ ಹೆಕ್ಕಿ ತೆಗೆದ ಈ ಕೃತಿಯನ್ನು ಬಿಟ್ಟು ಕನ್ನಡ ಸಾಹಿತ್ಯ ಚರಿತ್ರೆಯನ್ನು ಬರೆಯಲು ಇಂದಿಗೂ ಆಗುವುದಿಲ್ಲ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅವರು ನಿವೃತ್ತಿಯ ಮರುದಿನ ಹೊಸ ಹವ್ಯಾಸವನ್ನು ಹುಡುಕಲು ಹೊರಡಲಿಲ್ಲ. ನೌಕರಿಯಲ್ಲಿದ್ದಾಗಲೇ ಆರಂಭಿಸಿ, ನೌಕರಿಯ ಕಾರಣದಿಂದಲೇ ಹಿಂದೆ ಬಿದ್ದಿದ್ದ ಕೆಲಸವನ್ನು ಕೈಗೆತ್ತಿಕೊಂಡರು. ಈಗ ನೌಕರಿಯಲ್ಲಿರುವ ನಮ್ಮ ಸಂಘದ ಕಿರಿಯ ಸದಸ್ಯರು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು; ಬೀಜ ಹಾಕುವ ಕಾಲ ಐವತ್ತರ ಸುಮಾರು.

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಈ ಸಂದರ್ಭದಲ್ಲಿ ಎಲ್ಲರೂ ಹೇಳುತ್ತಾರೆ. 1918ರಲ್ಲಿ ದಿವಾನಗಿರಿ ಬಿಟ್ಟ ಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಟಾಟಾ ಉಕ್ಕಿನ ಕಂಪನಿಯ ಆಡಳಿತ ಮಂಡಳಿ, ಯೋಜನೆಯನ್ನು ಕುರಿತ 1934ರ ಗ್ರಂಥ, 1951ರ ಆತ್ಮಕಥನ ಎಂದು ಪಟ್ಟಿ ಬೆಳೆಯುತ್ತದೆ. ಆದರೆ ಅವರ ಉದಾಹರಣೆ ಸಾಮಾನ್ಯರಿಗೆ ಉತ್ಸಾಹಕ್ಕಿಂತ ಅಂಜಿಕೆಯನ್ನೇ ಹೆಚ್ಚು ತರುತ್ತದೆಂದು ನಮ್ಮ ಅಭಿಪ್ರಾಯ. ಆದ್ದರಿಂದ ಗೌರವದಿಂದ ಮುಂದೆ ಸಾಗುತ್ತೇವೆ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ರೀತಿ ನಮಗೆ ಹೆಚ್ಚು ಹತ್ತಿರದ್ದು. ಮೈಸೂರು ಸಿವಿಲ್ ಸೇವೆಯಲ್ಲಿ ಉನ್ನತ ಹುದ್ದೆಗಳಿಗೆ ಏರಿದ್ದ ಅವರು 1943ರಲ್ಲಿ, 52ನೆಯ ವಯಸ್ಸಿನಲ್ಲಿ, ತಮಗಿಂತ ಕಿರಿಯರಿಗೆ ಬಡ್ತಿ ದೊರೆತಾಗ ಕೆಲಸ ಬಿಟ್ಟು ಬಂದರು. ಅಂಥ ನೋವು ಎಷ್ಟೋ ಜನರ ಉಳಿದ ಆಯುಸ್ಸನ್ನು ಕಹಿ ಮಾಡಿಬಿಡುತ್ತದೆ; ಜಗಲಿಯ ಮೇಲೆ ಕುಳಿತು ಹಳೆಯ ಮೇಲಧಿಕಾರಿಯ ದೂರನ್ನೇ ಹೇಳಿಕೊಂಡಿರುವವರನ್ನು ನಾವೆಲ್ಲರೂ ಕಂಡಿದ್ದೇವೆ. ಮಾಸ್ತಿಯವರು ಮರುವರ್ಷವೇ ‘ಜೀವನ’ ಮಾಸಪತ್ರಿಕೆಯ ಸಂಪಾದಕರಾದರು. 1965ರವರೆಗೆ ಅದನ್ನು ನಡೆಸಿದರು. ಮಾಸಪತ್ರಿಕೆಯೆಂದರೆ ತಿಂಗಳಿಗೊಮ್ಮೆ ತಪ್ಪದೆ ಬರುವ ಜವಾಬ್ದಾರಿ: ಲೇಖನ ಬರಬೇಕು, ಕರಡಚ್ಚು ತಿದ್ದಬೇಕು, ಅಂಚೆಗೆ ಹಾಕಬೇಕು, ಚಂದಾದಾರರಿಗೆ ಉತ್ತರ ಬರೆಯಬೇಕು. ಇದರ ಜೊತೆಗೆ ‘ಚೆನ್ನಬಸವನಾಯಕ’, 1956ರಲ್ಲಿ ‘ಚಿಕವೀರ ರಾಜೇಂದ್ರ’, ಆಮೇಲೆ ಆತ್ಮಚರಿತ್ರೆ ‘ಭಾವ’ ಬಂದವು. ತೊಂಬತ್ತೆರಡನೆಯ ವಯಸ್ಸಿನಲ್ಲಿ, 1983ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ನಿವೃತ್ತಿಯ ನಂತರ ಬರೆದ ಆ ಕೊಡಗಿನ ಕಾದಂಬರಿಗೆ. ಸಂಜೆಯಾದರೆ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗಿ ಗೆಳೆಯರೊಡನೆ ಇಸ್ಪೀಟು ಆಡುವುದನ್ನು ಅವರು ಬಿಟ್ಟವರಲ್ಲ. ಬರಹದಷ್ಟೇ ಈ ಇಸ್ಪೀಟೂ ಅವರ ದಿನವನ್ನು ಹಿಡಿದು ನಿಲ್ಲಿಸಿತೆಂದು ನಾವು ತಿಳಿಯುತ್ತೇವೆ. ಮನೆಯಿಂದ ಹೊರಡಲು ಒಂದು ಗೊತ್ತಾದ ವೇಳೆ, ಹೋಗದಿದ್ದರೆ ‘ಏಕೆ ಬರಲಿಲ್ಲ’ ಎಂದು ಕೇಳುವ ನಾಲ್ವರು ಇರುವುದು ಸಣ್ಣ ಭಾಗ್ಯವಲ್ಲ.

ಗಡಿಯಾಚೆಯ ಕನ್ನಡಿಗರಾದ ನಮಗೆ ಬೇಂದ್ರೆಯವರು ಇನ್ನೊಂದು ಕಾರಣಕ್ಕೆ ಆಪ್ತರು. ಅವರು ಪ್ರಾಧ್ಯಾಪಕರಾಗಿ ದುಡಿದದ್ದು ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ, 1944ರಿಂದ 1956ರವರೆಗೆ. ಅರವತ್ತು ತುಂಬಿದಾಗ ಧಾರವಾಡಕ್ಕೆ ಮರಳಿದರು. ಅಲ್ಲಿಯ ಆಕಾಶವಾಣಿಗೆ ಸಲಹೆಗಾರರಾದರು. ‘ಅರವತ್ತಕ್ಕೆ ಅರಳು ಮರಳು’ ಎಂದು ಹಿರಿಯರನ್ನು ಹಾಸ್ಯ ಮಾಡುವುದು ನಮ್ಮ ರೂಢಿಯಷ್ಟೆ. ಬೇಂದ್ರೆಯವರು ಆ ಹಾಸ್ಯವನ್ನೇ ಎತ್ತಿಕೊಂಡು ತಮ್ಮ ಕವನಗಳ ಸಂಪುಟಕ್ಕೆ ‘ಅರಳು ಮರಳು’ ಎಂದು ಹೆಸರಿಟ್ಟರು: ಮರಳಿ ಅರಳುವುದೆಂದೂ ಅರ್ಥವಾಗುತ್ತದೆ! 1958ರಲ್ಲಿ ಆ ಸಂಪುಟಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಮುಂದೆ ಜ್ಞಾನಪೀಠವನ್ನು ತಂದ ‘ನಾಕುತಂತಿ’ ಪ್ರಕಟವಾದದ್ದು 1964ರಲ್ಲಿ.

ದಿನಚರಿಯ ದೃಷ್ಟಿಯಿಂದ ನೋಡಿದರೆ ಪ್ರೊ. ಜಿ. ವೆಂಕಟಸುಬ್ಬಯ್ಯನವರಿಗೆ ಸಮಾನರು ವಿರಳ. 1913ರಲ್ಲಿ ಹುಟ್ಟಿದ ಅವರು 1973ರಲ್ಲಿ ಬೆಂಗಳೂರಿನ ವಿಜಯ ಕಾಲೇಜಿನಿಂದ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ಕನ್ನಡ ನಿಘಂಟಿನ ಮೊದಲ ಸಂಪುಟ ಆಗ ಬಂದು ಮೂರು ವರ್ಷವಾಗಿತ್ತು. ಎಂಟನೆಯದು ಮುಗಿಯಬೇಕಾದರೆ 1995 ಬಂದಿತು. ನಿವೃತ್ತಿಯ ನಂತರದ ಸುಮಾರು ಎರಡು ದಶಕಗಳನ್ನು ಅವರು ಈ ಕೆಲಸಕ್ಕೆ ಪ್ರಧಾನ ಸಂಪಾದಕರಾಗಿ ಕೊಟ್ಟರು. ನಿಘಂಟಿನ ಕೆಲಸಕ್ಕೆ ಸ್ಫೂರ್ತಿ ಬರಲಿ ಎಂದು ಕಾಯುವಂತಿಲ್ಲ. ಶಬ್ದ ಬರೆದ ಚೀಟಿಗಳು ಎದುರಿಗಿರುತ್ತವೆ; ಯಾವ ಕಾವ್ಯದಲ್ಲಿ, ಯಾವ ಶಾಸನದಲ್ಲಿ, ಯಾವ ಅರ್ಥದಲ್ಲಿ ಬಂದಿದೆಯೆಂದು ನೋಡಿ ಅಂದಿನ ಪಾಲನ್ನು ಅಂದು ಮುಗಿಸಬೇಕು. ನಾಳೆಗೆ ಮತ್ತಷ್ಟು ಚೀಟಿ.

ಅಷ್ಟಕ್ಕೆ ಸಾಲದೆಂಬಂತೆ 1991ರಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿದರು. ಓದುಗರು ಒಂದು ಶಬ್ದದ ಅರ್ಥವನ್ನೋ ಮೂಲವನ್ನೋ ಕೇಳಿ ಪತ್ರ ಬರೆಯುವರು, ಇವರು ಉತ್ತರಿಸುವರು. ಹದಿನೈದು ವರ್ಷಗಳಿಗೂ ಮಿಕ್ಕಿ ಅದು ನಡೆಯಿತು. ಗೋವೆಯಲ್ಲಿದ್ದುಕೊಂಡು ಬೆಳಗಾವಿಯಿಂದ ಬರುವ ಪತ್ರಿಕೆಗಾಗಿ ಕಾದು ಅದನ್ನು ಓದಿದವರು ನಮ್ಮ ನಡುವೆಯೂ ಇದ್ದಾರೆ. 2011ರಲ್ಲಿ ಬೆಂಗಳೂರಿನ 77ನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅವರಿಗೆ 97 ವರ್ಷ. 2021ರ ಏಪ್ರಿಲಿನಲ್ಲಿ, ನೂರೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ವಿದ್ಯಾರ್ಥಿಗಳ ಮುಂದೆ ನಿಂತದ್ದಕ್ಕಿಂತ ಹೆಚ್ಚು ವರ್ಷಗಳನ್ನು ಅವರು ನಿವೃತ್ತರಾಗಿ ಕಳೆದರು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನು ನಾವೇ ಎತ್ತಬೇಕು. ಇವರೆಲ್ಲ ಲೇಖನಿ ಹಿಡಿದವರು. ಬಹುಮಂದಿಗೆ ತಿಂಗಳಿಗೆ ಪಿಂಚಣಿ ಬರುತ್ತಿತ್ತು. ಬೆನ್ನಿನಿಂದ ದುಡಿದವರ ಮಾತೇನು? ಗೋವೆಯ ಗಡಿಗೆ ದೂರವಲ್ಲದ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಇದಕ್ಕೆ ಉತ್ತರವಾಗಿದ್ದಾರೆ. ಹಾಲಕ್ಕಿ ಸಮುದಾಯದಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿಯ ಜೊತೆ ಅರಣ್ಯ ಇಲಾಖೆಯ ಸಸಿಮಡಿಗೆ ಕೂಲಿಗೆ ಹೋದವರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ದಶಕಗಳ ಕಾಲ ದಿನಗೂಲಿ, ಬಹಳ ತಡವಾಗಿ ಕಾಯಂ ನೌಕರಿ, ಆಮೇಲೆ ನಿವೃತ್ತಿ. ನಿವೃತ್ತಿಯ ನಂತರವೂ ಅವರು ಬೀಜ ಆಯುವುದನ್ನು, ಸಸಿ ಬೆಳೆಸುವುದನ್ನು, ಬಂದವರಿಗೆ ಕಲಿಸುವುದನ್ನು ನಿಲ್ಲಿಸಲಿಲ್ಲ. ಕಾಡಿನಲ್ಲಿ ಯಾವುದು ತಾಯಿಮರ, ಅದರ ಬೀಜವನ್ನು ಯಾವಾಗ ತೆಗೆಯಬೇಕು, ಯಾವ ಸಸಿಗೆ ಎಷ್ಟು ನೆರಳು ಎಂಬುದು ಅವರಿಗೆ ಬಾಯಿಪಾಠ. ಕಚೇರಿಯ ತಾರೀಖು ಮುಗಿದರೂ ಮರಗಳು ಬೀಜ ಬಿಡುವ ಋತು ತಪ್ಪುವುದಿಲ್ಲವಾದ್ದರಿಂದ ಅವರ ವರ್ಷದ ಲೆಕ್ಕ ಹಾಗೆಯೇ ಉಳಿಯಿತು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ, ತಮ್ಮ ಸಮುದಾಯದ ಉಡುಗೆಯಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದ ಅವರ ಚಿತ್ರವನ್ನು ನೋಡದ ಕನ್ನಡಿಗರಿಲ್ಲ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ತಾಯಂದಿರ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಚರಿತ್ರೆಯಲ್ಲಿ ನಿವೃತ್ತರ ಪಟ್ಟಿ ಬಹುಮಟ್ಟಿಗೆ ಗಂಡಸರ ಪಟ್ಟಿ. ಅಡುಗೆಮನೆಗೆ ಐವತ್ತೈದರ ಗಡಿಯೂ ಇಲ್ಲ, ಅರವತ್ತರ ಗಡಿಯೂ ಇಲ್ಲ. ಯಜಮಾನರು ನಿವೃತ್ತರಾದ ದಿನದಿಂದ ಮಧ್ಯಾಹ್ನದ ಊಟ, ನಾಲ್ಕು ಗಂಟೆಯ ಚಹಾ ಎಂದು ಮನೆಯಾಕೆಯ ಕೆಲಸ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ದಿನಚರಿಯನ್ನು ಹೊಸದಾಗಿ ಹಾಕಿಕೊಳ್ಳುವ ಹಿರಿಯರು ಅದರಲ್ಲಿ ಸಂತೆಯ ಚೀಲವನ್ನೂ ಪಾತ್ರೆಯ ತೊಟ್ಟಿಯನ್ನೂ ಸೇರಿಸಿಕೊಂಡರೆ ಯಾವ ಪುರಾಣದ ವಾನಪ್ರಸ್ಥಕ್ಕೂ ಭಂಗ ಬರುವುದಿಲ್ಲ.

ಇನ್ನು ನಮ್ಮ ಸಾಂಖಳಿಗೆ ಬರೋಣ. ಗೋವೆಯ ಕದಂಬರು ಕನ್ನಡದಲ್ಲಿ ಶಾಸನ ಬರೆಯಿಸಿದ್ದನ್ನು ನಾವು ಪ್ರತಿ ರಾಜ್ಯೋತ್ಸವದ ಭಾಷಣದಲ್ಲಿ ನೆನೆಯುತ್ತೇವೆ. ಇಲ್ಲಿಯ ಸರ್ಕಾರಿ ಬಸ್ಸಿನ ಮೇಲೂ ಆ ವಂಶದ ಹೆಸರೇ ಇದೆ. ಒಂಬೈನೂರು ವರ್ಷಗಳ ಹಿಂದಿನ ಜಯಕೇಶಿಯ ಬಗ್ಗೆ ನಾವು ಹೇಳಬಲ್ಲಷ್ಟನ್ನು ಐವತ್ತು ವರ್ಷಗಳ ಹಿಂದೆ ಬುತ್ತಿಗಂಟು ಕಟ್ಟಿಕೊಂಡು ಘಟ್ಟ ಇಳಿದು ಬಂದ ನಮ್ಮವರ ಬಗ್ಗೆ ಹೇಳಲಾರೆವು. ಅವರ ಶಾಸನವನ್ನು ಯಾರೂ ಕಲ್ಲಿನಲ್ಲಿ ಕೊರೆದಿಲ್ಲ.

ಈ ಊರಿನಲ್ಲಿ ನಿವೃತ್ತಿ ಎಲ್ಲರಿಗೂ ಹಾರ ಶಾಲುಗಳೊಡನೆ ಬರಲಿಲ್ಲ. 2012ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಗೋವೆಯ ಗಣಿಗಳು ನಿಂತವು. 2014ರಲ್ಲಿ ತಡೆ ತೆರವಾಯಿತು. 2018ರ ಫೆಬ್ರವರಿಯಲ್ಲಿ 88 ಗುತ್ತಿಗೆಗಳು ರದ್ದಾಗಿ, ಮಾರ್ಚಿನ ನಡುವಿನಲ್ಲಿ ಮತ್ತೆ ಕೆಲಸ ನಿಂತಿತು. ನೆಲ, ನೀರು, ಗದ್ದೆಗಳಿಗೆ ಆಗಿದ್ದ ಹಾನಿಯನ್ನು ಬಲ್ಲವರು ಆ ತೀರ್ಪುಗಳನ್ನು ಅನ್ಯಾಯವೆನ್ನಲಾರರು. ಆದರೆ ನಲವತ್ತೆಂಟು ಐವತ್ತರ ವಯಸ್ಸಿನ ಚಾಲಕರು, ಯಂತ್ರದವರು, ಅವರನ್ನು ನಂಬಿದ ಚಹಾದಂಗಡಿಯವರು ಒಂದೇ ದಿನ ಮನೆಯಲ್ಲಿ ಕುಳಿತರು. ಮುಮ್ಮಡಿ ಕೃಷ್ಣರಾಜರಿಗೆ ಬಂದಂಥ ನಿವೃತ್ತಿ, ಅವರಿಗಿದ್ದ ಲಕ್ಷ ವರಹ ಇಲ್ಲದೆ. ಭವಿಷ್ಯನಿಧಿಯ ಪಿಂಚಣಿ ಇದ್ದವರಿಗೂ ಅದರ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿಯೆಂದು 2014ರಲ್ಲಿ ಗೊತ್ತಾಯಿತು. ಇಂಥವರಿಗೆ ‘ಬೆಳಿಗ್ಗೆ ವಾಯುವಿಹಾರ ಮಾಡಿ, ಒಳ್ಳೆಯ ಪುಸ್ತಕ ಓದಿ’ ಎಂದು ಉಪದೇಶಿಸುವುದು ಹೊಟ್ಟೆ ತುಂಬಿದವರ ಮಾತಾದೀತು. ಮೊದಲು ಆಧಾರ, ಔಷಧ, ಸರ್ಕಾರದ ಸಹಾಯಧನದ ಅರ್ಜಿ. ಅರ್ಜಿ ತುಂಬಿಸಲು, ಮಾಮಲೇದಾರರ ಕಚೇರಿಗೆ ಜೊತೆಗೆ ಹೋಗಲು ನಮ್ಮ ಸಂಘದಲ್ಲಿಯೇ ಇರುವ ನಿವೃತ್ತ ಮಾಸ್ತರರು, ಬ್ಯಾಂಕಿನವರು ವಾರಕ್ಕೆ ಒಂದು ಬೆಳಗನ್ನು ಕೊಟ್ಟರೆ ಇಬ್ಬರ ಹಗಲಿಗೂ ಒಂದು ಆಕಾರ ಬರುತ್ತದೆ.

ಅದಾದ ಮೇಲೆ ಅದೇ ಇಬ್ಬರು ಕೂಡಿ ಮಾಡಬಹುದಾದ ಇನ್ನೊಂದು ಕೆಲಸವಿದೆ. ಒಬ್ಬರಿಗೆ ನೆನಪಿದೆ, ಬರೆಯುವ ರೂಢಿ ಇಲ್ಲ. ಇನ್ನೊಬ್ಬರಿಗೆ ಅಕ್ಷರವಿದೆ, ಹಗಲು ಖಾಲಿ ಇದೆ. ವಾರಕ್ಕೊಂದು ಮಧ್ಯಾಹ್ನ, ದತ್ತಮಂದಿರದ ಆವರಣವಾದರೂ ಆದೀತು, ವಿಠ್ಠಲನ ಗುಡಿಯ ಕಟ್ಟೆಯಾದರೂ ಆದೀತು, ಎದುರು ಬದುರು ಕುಳಿತು ಒಬ್ಬರು ಹೇಳಬೇಕು, ಇನ್ನೊಬ್ಬರು ನೂರು ಹಾಳೆಯ ನೋಟುಪುಸ್ತಕದಲ್ಲಿ ಬರೆದುಕೊಳ್ಳಬೇಕು. ಊರು ಬಿಟ್ಟದ್ದು ಯಾವ ಬರಗಾಲದಲ್ಲಿ? ಮೊದಲ ರಾತ್ರಿ ಮಲಗಿದ್ದು ಎಲ್ಲಿ? ಮೊದಲ ದಿನದ ಕೂಲಿ ಎಷ್ಟು? ಕೊಂಕಣಿಯಲ್ಲಿ ಮೊದಲು ಕಲಿತ ಮಾತು ಯಾವುದು, ಕಲಿಸಿದ ನೆರೆಮನೆಯವರು ಯಾರು? ಮಳೆಗಾಲದಲ್ಲಿ ಗಣಿ ನಿಂತ ನಾಲ್ಕು ತಿಂಗಳು ಒಲೆ ಹೊತ್ತಿದ್ದು ಹೇಗೆ? ಮಕ್ಕಳಿಗೆ ಕನ್ನಡ ಅಕ್ಷರ ತೀಡಿಸಿದವರು ಯಾರು, ಯಾವ ಮನೆಯ ಜಗಲಿಯಲ್ಲಿ? ಹಾಜರಿ ಚೀಟಿ, ಹಳೆಯ ಪಡಿತರ ಚೀಟಿ, ಮದುವೆಯ ಫೋಟೋ, ಊರಿನಿಂದ ಬಂದ ಅಂಚೆ ಕಾಗದ ಮನೆಯ ಟ್ರಂಕಿನಲ್ಲಿದ್ದರೆ ಅವನ್ನೂ ತರಬೇಕು.

ಕವಿಚರಿತೆಗೆ ಮೂರು ಸಂಪುಟ ತುಂಬಲು ಇಪ್ಪತ್ತೆರಡು ವರ್ಷ ಹಿಡಿಯಿತು. ನಮ್ಮಲ್ಲಿ ಅಷ್ಟು ವ್ಯವಧಾನವಿಲ್ಲ; ಮೊದಲು ಬಂದವರಲ್ಲಿ ಕೆಲವರು ಆಗಲೇ ಎಂಬತ್ತನ್ನು ದಾಟಿದ್ದಾರೆ, ಕೆಲವರ ನೆನಪು ಮಸುಕಾಗುತ್ತಿದೆ. ತುಂಬಿದ ಪುಸ್ತಕಗಳನ್ನು ಇಡಲು ಸಂಘದ ಗ್ರಂಥಾಲಯದ ಕಪಾಟಿನಲ್ಲಿ ಒಂದು ಖಾನೆಯನ್ನು ಈಗಲೇ ತೆರವು ಮಾಡಬಹುದು. ಬರೆಯುವವರು ಪ್ರತಿ ಪುಟದ ಮೇಲೂ ತಾರೀಖನ್ನೂ ಹೇಳಿದವರ ಹುಟ್ಟೂರನ್ನೂ ಮರೆಯದೆ ನಮೂದಿಸಬೇಕು.